ಮೈಸೂರಲ್ಲಿ ಮನೆ ಮಾಡುವವರಿಗೆ: ಪ್ರವಾಸಿಗರ ಗಡಿಯಾರ ನೋಡಿ ಸಂಸಾರ ನಡೆಸುವುದು

ಮೊದಲ ಮನೆಯನ್ನು ನಾನು ನೋಡಿದ್ದು ಒಂದು ಬುಧವಾರ ಬೆಳಿಗ್ಗೆ. ಅರಮನೆಯಿಂದ ಹತ್ತು ನಿಮಿಷದ ನಡಿಗೆ. ಹಂಚಿನ ಮನೆ, ಮುಂದೆ ಜಗುಲಿ, ಹಿತ್ತಲಲ್ಲಿ ಸೀಬೆ ಮರ. ರಸ್ತೆಯ ನಟ್ಟನಡುವೆ ಒಂದು ನಾಯಿ ನೆಮ್ಮದಿಯಾಗಿ ಮಲಗಿತ್ತು. ಇಷ್ಟು ಶಾಂತವಾದ ಜಾಗ ಇನ್ನೆಲ್ಲಿ ಸಿಗುತ್ತದೆ ಅಂತ ಅಲ್ಲೇ ಅಡ್ವಾನ್ಸ್ ಕೊಟ್ಟುಬಿಟ್ಟೆ.

ಸಾಮಾನು ಸಾಗಿಸಿದ್ದು ಭಾನುವಾರ ಸಂಜೆ. ಲಾರಿ ಆ ಬೀದಿಗೆ ತಿರುಗಲು ಆಗಲೇ ಇಲ್ಲ. ಎರಡೂ ಕಡೆ ಕಾರುಗಳು, ನಡುವೆ ಐಸ್‌ಕ್ರೀಂ ಗಾಡಿ, ಬಲೂನು ಮಾರುವವರು. ನಮ್ಮ ಗೇಟಿಗೆ ಅಡ್ಡವಾಗಿ ಹೊರರಾಜ್ಯದ ನಂಬರಿನ ಒಂದು ವ್ಯಾನು. ಅದರ ಡ್ರೈವರ್ ಅರಮನೆ ದೀಪ ನೋಡಲು ಹೋಗಿದ್ದ. ಎದುರು ಮನೆಯ ಅಜ್ಜಿ ನಮ್ಮ ಪೇಚಾಟ ನೋಡಿ ಹೊರಗೆ ಬಂದರು. "ಭಾನುವಾರ ಸಾಯಂಕಾಲ ಮನೆ ಬದಲಾಯಿಸ್ತಾರೇನಪ್ಪಾ ಯಾರಾದ್ರೂ? ಬಾ, ಕಾಫಿ ಕುಡಿ. ಏಳೂಮುಕ್ಕಾಲಿಗೆ ದೀಪ ಆರುತ್ತೆ. ಎಂಟೂವರೆ ಅನ್ನೋಷ್ಟರಲ್ಲಿ ರೋಡು ಖಾಲಿ."

ಅವರು ಹೇಳಿದಂತೆಯೇ ಆಯಿತು. ಎಂಟು ಮೂವತ್ತೈದಕ್ಕೆ ಮಂಚ ಒಳಗೆ ಬಂತು.

ಮೈಸೂರಿನಲ್ಲಿ ಬದುಕುವುದು ಕಷ್ಟವೇನಲ್ಲ. ಆದರೆ ಊರು ನೋಡಲು ಬರುವವರಿಗೆ ಒಂದು ಟೈಮ್‌ಟೇಬಲ್ ಇದೆ. ಇಲ್ಲಿನವರು ಅದನ್ನು ಬಾಯಿಪಾಠ ಮಾಡಿಕೊಂಡು, ಅದರ ಸಂದಿಯಲ್ಲಿ ತಮ್ಮ ಹಾಲು, ತರಕಾರಿ, ಸ್ಕೂಲು, ಆಸ್ಪತ್ರೆ ಎಲ್ಲ ಮುಗಿಸುತ್ತಾರೆ. ಹೊಸದಾಗಿ ಬರುವವರಿಗೆ ಆ ಲೆಕ್ಕ ಗೊತ್ತಿರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು: ಮನೆಯನ್ನು ಎರಡು ಸಲ ನೋಡಿ

ಒಂದು ಸಲ ವಾರದ ದಿನ, ಇನ್ನೊಂದು ಸಲ ಭಾನುವಾರ ಸಂಜೆ ಆರರಿಂದ ಎಂಟರೊಳಗೆ. ಬ್ರೋಕರ್ ಕರೆದುಕೊಂಡು ಹೋಗುವುದು ಯಾವಾಗಲೂ ಖಾಲಿ ಹೊತ್ತಿನಲ್ಲೇ. ಎರಡನೇ ಸಲ ನೀವೊಬ್ಬರೇ ಸುಮ್ನೆ ಆ ಬೀದಿಯಲ್ಲಿ ಒಂದು ಸುತ್ತು ಹಾಕಿ ಬನ್ನಿ.

ಅಗ್ರಹಾರ, ಲಷ್ಕರ್ ಮೊಹಲ್ಲಾ, ದೇವರಾಜ ಮೊಹಲ್ಲಾ ಇವೆಲ್ಲ ಅರಮನೆ ಸುತ್ತಲಿನ ಹಳೇ ಮೈಸೂರು. ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಕಾರು ನಿಲ್ಲಿಸಲು ಮಾತ್ರ ಜಾಗ ಇರುವುದಿಲ್ಲ. ಇಟ್ಟಿಗೆಗೂಡು, ನಜರ್‌ಬಾದ್ ಕಡೆ ಮೃಗಾಲಯದ ಜನ. ಅಲ್ಲೊಂದು ಮಜಾ ಇದೆ. ಮೃಗಾಲಯಕ್ಕೆ ಮಂಗಳವಾರ ರಜೆ, ಪಕ್ಕದ ಕಾರಂಜಿ ಕೆರೆಗೂ ರಜೆ. ಹಾಗಾಗಿ ಇಟ್ಟಿಗೆಗೂಡಿನವರಿಗೆ ಮಂಗಳವಾರವೇ ನಿಜವಾದ ಭಾನುವಾರ. ರಾತ್ರಿ ಊಟ ಮಾಡುವಾಗ ಸಿಂಹ ಗರ್ಜಿಸುವುದು ಕೇಳಿಸುತ್ತದೆ ಅನ್ನುವುದು ಆ ಏರಿಯಾದವರ ಹಳೇ ಜಂಬ.

ಸರಸ್ವತಿಪುರಂ, ಕುವೆಂಪುನಗರ, ಜಯಲಕ್ಷ್ಮೀಪುರಂ, ಒಂಟಿಕೊಪ್ಪಲು, ಯಾದವಗಿರಿ ಕಡೆ ಪ್ರವಾಸಿಗರ ಕಾಟ ಕಡಿಮೆ. ಮರ ಜಾಸ್ತಿ, ಬಾಡಿಗೆಯೂ ಸ್ವಲ್ಪ ಜಾಸ್ತಿ. ಗೋಕುಲಂ ಕಥೆ ಬೇರೆ. ಯೋಗ ಕಲಿಯಲು ಹೊರದೇಶದವರು ತಿಂಗಳುಗಟ್ಟಲೆ ಬಂದು ಉಳಿಯುವ ಏರಿಯಾ ಅದು. ಸಾಮಾನು ಸಮೇತ ತಿಂಗಳ ಲೆಕ್ಕದಲ್ಲಿ ಕೊಟ್ಟರೆ ಮಾಲೀಕರಿಗೆ ಲಾಭ. ಸಂಸಾರಸ್ಥರಿಗೆ ವರ್ಷದ ಲೆಕ್ಕದಲ್ಲಿ ಮನೆ ಹುಡುಕುವುದು ಅಲ್ಲಿ ಸ್ವಲ್ಪ ಕಷ್ಟ. ಅಂದಹಾಗೆ, ನೀವೇ ಮನೆ ತೆಗೆದುಕೊಂಡು ಮೇಲಿನ ಕೋಣೆಯನ್ನು ವಿದೇಶಿಯರಿಗೆ ಕೊಡುವುದಾದರೆ, ಅವರು ಬಂದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಅವರ ವಿವರ ತುಂಬಿ ಸರ್ಕಾರಕ್ಕೆ ತಿಳಿಸಬೇಕು. "ಎರಡು ದಿನಕ್ಕೆ ತಾನೇ" ಅಂತ ಬಿಡುವ ಹಾಗಿಲ್ಲ.

ಹೆಬ್ಬಾಳ, ಹೂಟಗಳ್ಳಿ ಕಡೆ ಫ್ಯಾಕ್ಟರಿ, ಐಟಿ ಕೆಲಸದವರು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳದ ಕಡೆ ಹೊಸ ಬಡಾವಣೆಗಳು. ಇವು ಪೂರ್ತಿ ಮಹಾನಗರ ಪಾಲಿಕೆಯ ಹದ್ದಿನೊಳಗಿರಲಿಲ್ಲ. ಹೂಟಗಳ್ಳಿಗೆ ನಗರಸಭೆ, ಉಳಿದ ನಾಲ್ಕಕ್ಕೆ ಪಟ್ಟಣ ಪಂಚಾಯಿತಿ ಅಂತ ಮಾಡಿದ್ದರು; ಈಗ ನಿಮ್ಮ ಮನೆ ಯಾವುದರೊಳಗೆ ಅಂತ ಕೇಳಿಕೊಳ್ಳಿ. ಪೇಪರಿನಲ್ಲಿ ಇದು ಸಣ್ಣ ವಿಷಯ. ಕಸದ ಗಾಡಿ ಬರಲಿಲ್ಲ, ಬೀದಿ ದೀಪ ಉರಿಯಲಿಲ್ಲ ಅಂದಾಗ ಯಾರಿಗೆ ಫೋನ್ ಮಾಡಬೇಕು ಅನ್ನುವುದು ಇದರ ಮೇಲೇ ನಿಂತಿರುತ್ತದೆ. ರಿಂಗ್ ರಸ್ತೆಯಾಚೆ ಅಥವಾ ಚಾಮುಂಡಿ ಬೆಟ್ಟದ ಬುಡದಲ್ಲಿ ಮನೆ ನೋಡುತ್ತಿದ್ದರೆ ಇನ್ನೊಂದು ಮಾತು. ಆ ಕಡೆ ಚಿರತೆ ಕಾಣಿಸುವುದು ಸುಳ್ಳು ಸುದ್ದಿಯಲ್ಲ. ಹೆದರಿ ಓಡಬೇಕಾಗಿಲ್ಲ. ರಾತ್ರಿ ನಾಯಿಯನ್ನು ಹೊರಗೆ ಕಟ್ಟಬೇಡಿ, ಚಿಕ್ಕ ಮಕ್ಕಳನ್ನು ಕತ್ತಲಲ್ಲಿ ಒಬ್ಬರನ್ನೇ ಬಿಡಬೇಡಿ.

ಅಡ್ವಾನ್ಸ್ ಕೊಡುವ ಮುಂಚೆ ಕೇಳಬೇಕಾದ್ದು

ಮೊದಲ ಪ್ರಶ್ನೆ ನೀರು. "ನೀರಿದೆಯಾ?" ಅಂತ ಕೇಳಬೇಡಿ. ಎಲ್ಲರೂ ಇದೆ ಅಂತಲೇ ಹೇಳುತ್ತಾರೆ. "ಕಾರ್ಪೊರೇಷನ್ ನೀರೋ, ಬೋರ್ ನೀರೋ? ಎಷ್ಟು ದಿನಕ್ಕೊಮ್ಮೆ ಬಿಡ್ತಾರೆ? ಸಂಪ್ ಎಷ್ಟು ಲೀಟರ್?" ಅಂತ ಕೇಳಿ. ಹಳೇ ಬಡಾವಣೆಗಳಿಗೆ ಕಾವೇರಿ, ಕಬಿನಿ ನೀರು ಬರುತ್ತದೆ. ಹೊಸ ಖಾಸಗಿ ಬಡಾವಣೆಗಳಲ್ಲಿ ಎಷ್ಟೋ ಕಡೆ ಬೋರ್‌ವೆಲ್ಲೇ ಗತಿ. ಬಚ್ಚಲ ಮನೆಯ ನಲ್ಲಿ ನೋಡಿ. ಬಾಯಿಗೆ ಬಿಳಿ ಸುಣ್ಣದ ಹಾಗೆ ಕಟ್ಟಿದ್ದರೆ ಗಡಸು ನೀರು ಅಂತಲೇ ಅರ್ಥ. ಬೇಳೆ ಬೇಯುವುದಿಲ್ಲ, ಕೂದಲು ಉದುರುತ್ತದೆ ಅಂತ ಆಮೇಲೆ ಗೊಣಗಬೇಡಿ.

ಎರಡನೆಯದು ಕರಾರು ಪತ್ರ. ಸಾಮಾನ್ಯವಾಗಿ 11 ತಿಂಗಳಿಗೆ ಮಾಡುತ್ತಾರೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು, ಅದನ್ನು ತಪ್ಪಿಸಲಿಕ್ಕೆ ಈ 11ರ ಲೆಕ್ಕ. ಬಿಡುವಾಗ ಸುಣ್ಣ-ಬಣ್ಣಕ್ಕೆ ಎಷ್ಟು ಹಿಡಿದುಕೊಳ್ಳುತ್ತಾರೆ, ಎಷ್ಟು ತಿಂಗಳು ಮುಂಚೆ ಹೇಳಬೇಕು, ಇವೆರಡನ್ನೂ ಬರೆಸಿಕೊಳ್ಳಿ. ಬಾಯಿ ಮಾತಿನಲ್ಲಿ ಎಲ್ಲರೂ ಒಳ್ಳೆಯವರೇ.

ಭೋಗ್ಯಕ್ಕೆ ಹಾಕಿಕೊಳ್ಳುವ ರೂಢಿ ಇಲ್ಲಿ ಚೆನ್ನಾಗಿ ನಡೆಯುತ್ತದೆ. ಒಂದೇ ಗಂಟು ದುಡ್ಡು ಕೊಟ್ಟು ಬಾಡಿಗೆಯಿಲ್ಲದೆ ಇರುವುದು. ಕೇಳಲು ಚಂದ. ಆದರೆ ಆ ಮನೆಯ ಮೇಲೆ ಬ್ಯಾಂಕ್ ಸಾಲ ಇದ್ದರೆ? ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ, ಅಂದರೆ ಇಸಿ ತೆಗೆಸಿ ನೋಡದೆ ಭೋಗ್ಯಕ್ಕೆ ದುಡ್ಡು ಕೊಡಬೇಡಿ. ಕರಾರನ್ನು ನೋಂದಣಿಯೂ ಮಾಡಿಸಿ. ನೋಟರಿ ಸೀಲು ಸಾಕು ಅನ್ನುವವರ ಮಾತು ಕೇಳಿ ನನ್ನ ಪರಿಚಯದವರೊಬ್ಬರು ಎರಡು ವರ್ಷ ಕೋರ್ಟಿಗೆ ಅಲೆದರು.

ಮೂರನೆಯದು ಕರೆಂಟು. ಮೀಟರಿನ ಆರ್‌ಆರ್ ನಂಬರನ್ನು, ಅಂದರೆ ಆ ಮನೆಯ ಕರೆಂಟು ಸಂಪರ್ಕದ ಸಂಖ್ಯೆಯನ್ನು ಫೋಟೊ ತೆಗೆದುಕೊಳ್ಳಿ. ಸರ್ಕಾರದ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿ ಬಾಡಿಗೆದಾರರಿಗೂ ಉಂಟು. ಆಧಾರ್, ಬಾಡಿಗೆ ಕರಾರು, ಬಿಲ್ಲಿನ ಮೇಲಿನ ಸಂಖ್ಯೆ ಇದ್ದರೆ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಮುಂಚೆ ಇದ್ದವರ ಆಧಾರ್ ಆ ಮೀಟರಿಗೆ ಅಂಟಿಕೊಂಡಿದ್ದರೆ ನಿಮ್ಮ ಅರ್ಜಿ ಮುಂದೆ ಹೋಗುವುದಿಲ್ಲ. ಹಾಗಾಗಿ ಅವರು ಖಾಲಿ ಮಾಡುವಾಗಲೇ ಅದನ್ನು ಬಿಡಿಸಿ ಹೋಗುವಂತೆ ಮಾಲೀಕರಿಗೆ ಹೇಳಿ. ನೀವೂ ಹಳೇ ಊರಿನಲ್ಲಿ ನಿಮ್ಮದನ್ನು ಬಿಡಿಸಿಕೊಂಡು ಬನ್ನಿ. 200 ಯೂನಿಟ್ ಒಳಗಿದ್ದ ಮಾತ್ರಕ್ಕೆ ಎಲ್ಲರಿಗೂ ಪೂರ್ತಿ ಮಾಫಿ ಅಂತಲ್ಲ. ಆ ಮನೆಯ ಹಳೇ ಸರಾಸರಿಯ ಮೇಲೆ ಮಿತಿ ನಿಂತಿರುತ್ತದೆ. ಕರೆಂಟು ಹೋದರೆ 1912.

ಕಸದ ವಿಷಯ ಚಿಕ್ಕದು, ಆದರೆ ಜಗಳ ದೊಡ್ಡದು. 2015, 2016ರಲ್ಲಿ ದೇಶದಲ್ಲೇ ಸ್ವಚ್ಛ ನಗರ ಅನ್ನಿಸಿಕೊಂಡ ಊರು ಇದು. ಹಸಿ ಕಸ, ಒಣ ಕಸ ಬೇರೆ ಮಾಡಿ ಇಡದಿದ್ದರೆ ಪೌರಕಾರ್ಮಿಕರು ಮುಟ್ಟುವುದಿಲ್ಲ. ಪಕ್ಕದ ಮನೆಯವರೂ ಬಿಡುವುದಿಲ್ಲ.

ದಾರಿಯ ಹೆಸರುಗಳನ್ನು ಕಲಿಯಿರಿ

ಮೈಸೂರಿನಲ್ಲಿ ಬೋರ್ಡಿನ ಮೇಲಿರುವ ಹೆಸರು ಒಂದು, ಬಾಯಲ್ಲಿರುವ ಹೆಸರು ಇನ್ನೊಂದು. ಜಯಚಾಮರಾಜೇಂದ್ರ ವೃತ್ತ ಅಂದರೆ ಎಷ್ಟೋ ಆಟೊದವರು ಒಂದು ಕ್ಷಣ ಯೋಚಿಸುತ್ತಾರೆ. ಹಾರ್ಡಿಂಜ್ ಸರ್ಕಲ್ ಅಂದರೆ ತಕ್ಷಣ ಮೀಟರ್ ತಿರುಗಿಸುತ್ತಾರೆ. ಬಸವೇಶ್ವರ ವೃತ್ತ ಈಗಲೂ ಗನ್‌ಹೌಸ್. ಬೆಂಗಳೂರು ಕಡೆಯಿಂದ ಊರಿಗೆ ಬರುವಾಗ ರಿಂಗ್ ರಸ್ತೆ ಸೇರುವ ಜಾಗದ ಆಸ್ಪತ್ರೆಯ ಹೆಸರು ಬದಲಾಗಿ ವರ್ಷಗಳಾದವು. ಜನ ಇನ್ನೂ ಕೊಲಂಬಿಯಾ ಏಷ್ಯಾ ಸಿಗ್ನಲ್ ಅಂತಲೇ ಅನ್ನುತ್ತಾರೆ. ಕೆ.ಆರ್. ಆಸ್ಪತ್ರೆ ಹಳಬರ ಬಾಯಲ್ಲಿ ದೊಡ್ಡಾಸ್ಪತ್ರೆ. ಗಡಿಯಾರ ಎರಡು. ದೇವರಾಜ ಮಾರುಕಟ್ಟೆಯ ಮುಂದಿನದು ಚಿಕ್ಕ ಗಡಿಯಾರ. ಪುರಭವನದ ಹತ್ತಿರದ್ದು ದೊಡ್ಡ ಗಡಿಯಾರ, 1927ರಲ್ಲಿ ಕಟ್ಟಿದ್ದು. "ಗಡಿಯಾರದ ಹತ್ರ ಬಾ" ಅಂದವರನ್ನು "ಯಾವ ಗಡಿಯಾರ?" ಅಂತ ಕೇಳದೆ ಹೋದರೆ ಅರ್ಧ ಗಂಟೆ ದಂಡ.

ಬಸ್ ನಿಲ್ದಾಣವೂ ಎರಡು. ಊರೊಳಗಿನ ಬಸ್ಸಿಗೆ ಕೆ.ಆರ್. ಸರ್ಕಲ್ ಹತ್ತಿರದ ಸಿಟಿ ಬಸ್ ಸ್ಟ್ಯಾಂಡ್. ಬೆಂಗಳೂರು, ಮಡಿಕೇರಿ, ಊಟಿಗೆ ಹೋಗುವ ಬಸ್ಸು ಸಬರ್ಬನ್ ನಿಲ್ದಾಣದಿಂದ. ನಡುವೆ ಅರಮನೆ ಮೈದಾನದ ಅಂಚು, ಅಂದರೆ ಊರಿನ ಅತ್ಯಂತ ಕಿಕ್ಕಿರಿದ ರಸ್ತೆಗಳು. ಶನಿವಾರ, ಭಾನುವಾರ ಇದಕ್ಕೆ ಆಟೊ ಹತ್ತುವುದಕ್ಕಿಂತ ಚೀಲ ಹೆಗಲಿಗೇರಿಸಿ ನಡೆಯುವುದೇ ಬೇಗ.

ಕರ್ನಾಟಕದ ಮಹಿಳೆಯರಿಗೆ 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಎಸಿ, ಐಷಾರಾಮಿ ಬಸ್ಸಿಗೆ ಇದು ಇಲ್ಲ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಲಿ. ಇದರ ಇನ್ನೊಂದು ಮುಖವೂ ಗೊತ್ತಿರಲಿ. ರಜೆ ದಿನ ಚಾಮುಂಡಿ ಬೆಟ್ಟದ 201ನೇ ಬಸ್ಸು ಬಂದ ಕೂಡಲೇ ಕಿಟಕಿಯಿಂದ ಕರ್ಚೀಫು ಹಾರುತ್ತವೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ವಾರದ ದಿನ ಬೆಳಗಿನ ಬಸ್ಸು ಹಿಡಿಯಿರಿ.

ಆಟೊದವರ ಜೊತೆ ಕನ್ನಡದಲ್ಲೇ ಶುರು ಮಾಡಿ. "ಮೀಟರ್ ಹಾಕಿ ಅಣ್ಣ" ಅಂದರೆ ಎಲ್ಲರೂ ಹಾಕುತ್ತಾರೆ ಅಂತ ಹೇಳಲಾರೆ. ಆದರೆ ಚೀಲ, ಟೋಪಿ, ಕ್ಯಾಮೆರಾ ಇಲ್ಲದೆ, ಎಲ್ಲಿಗೆ ಅಂತ ಸ್ಪಷ್ಟವಾಗಿ ಹೇಳುವವರಿಗೆ ಕೇಳುವ ರೇಟೇ ಬೇರೆ.

ಬೆಂಗಳೂರಿಗೆ ದಿನಾ ಓಡಾಡುವವರಿಗೆ ರೈಲೇ ಸರಿ. ದೂರ 138 ಕಿ.ಮೀ. ಸುಮಾರು. ತಿಂಗಳ ಸೀಸನ್ ಪಾಸು 150 ಕಿ.ಮೀ. ಒಳಗೆ ಸಿಗುತ್ತದೆ, ಹಾಗಾಗಿ ಮೈಸೂರು-ಬೆಂಗಳೂರು ಅದರೊಳಗೆ ಬರುತ್ತದೆ. ದಶಪಥ ಹೆದ್ದಾರಿಯಲ್ಲಿ ಬೈಕು, ಆಟೊ ಮುಖ್ಯ ರಸ್ತೆಗೆ ಹತ್ತುವಂತಿಲ್ಲ. 2023ರ ಆಗಸ್ಟ್‌ನಿಂದ ಈ ನಿಯಮ. ಸರ್ವಿಸ್ ರಸ್ತೆ ಹಿಡಿಯಬೇಕು. ಕಾರಿನವರು 100 ಕಿ.ಮೀ. ಮಿತಿ ದಾಟಿದರೆ ಕ್ಯಾಮೆರಾ ಬಿಡುವುದಿಲ್ಲ. ಭಾನುವಾರ ಸಂಜೆ ನಾಲ್ಕರಿಂದ ಎಂಟರವರೆಗೆ ಬೆಂಗಳೂರಿನವರೆಲ್ಲ ಒಟ್ಟಿಗೆ ವಾಪಸ್ ಹೊರಡುತ್ತಾರೆ. ಆ ಹೊತ್ತಲ್ಲಿ ಆ ಕಡೆ ತಲೆ ಹಾಕಬೇಡಿ.

ಮಾರುಕಟ್ಟೆಗೆ ಬೆಳಿಗ್ಗೆ ಹೋಗಿ

ದೇವರಾಜ ಮಾರುಕಟ್ಟೆಯನ್ನು ಪ್ರವಾಸಿಗರು ನೋಡುವುದು ಹನ್ನೊಂದು ಗಂಟೆಯ ಮೇಲೆ. ಬಣ್ಣದ ಕುಂಕುಮದ ರಾಶಿಗಳ ಮುಂದೆ ನಿಂತು ಫೋಟೊ ತೆಗೆಯುತ್ತಾರೆ. ನೀವು ಏಳೂವರೆಗೆ ಹೋಗಿ. ನೆಲ ಇನ್ನೂ ಒದ್ದೆಯಾಗಿರುತ್ತದೆ. ಹೂವಿನ ಸಾಲಿನಲ್ಲಿ ಗೋಣಿಚೀಲ ಬಿಚ್ಚಿ ಸುರಿಯುತ್ತಿರುತ್ತಾರೆ. ಮಲ್ಲಿಗೆಯ ವಾಸನೆ, ಪಕ್ಕದಲ್ಲಿ ಬಾಳೆಎಲೆಯ ಹಸಿ ವಾಸನೆ, ಆಚೆಯಿಂದ ವೀಳ್ಯದೆಲೆಯ ಖಾರ.

ಇಲ್ಲಿ ಕಟ್ಟಿದ ಹೂವನ್ನು ಮಾರಿನ ಲೆಕ್ಕದಲ್ಲಿ ಕೊಡುತ್ತಾರೆ. ಎರಡು ಕೈ ಚಾಚಿದರೆ ಒಂದು ಮಾರು. ಹಾಗಾಗಿ ಯಾರ ಕೈ ಅನ್ನುವುದು ಮುಖ್ಯ. ನಾನು ಹೂ ತೆಗೆದುಕೊಳ್ಳುವ ಅಕ್ಕ ಗಿಡ್ಡಕ್ಕಿದ್ದಾರೆ. ಒಂದು ದಿನ ತಮಾಷೆಗೆ "ಅಕ್ಕಾ, ನಿಮ್ಮ ಮಾರು ಚಿಕ್ಕದಾಯ್ತಲ್ಲಾ" ಅಂದೆ. ಅವರು ಹೂವಿನ ತುದಿಯನ್ನು ನನ್ನ ಕೈಗೇ ಕೊಟ್ಟರು. "ತಗಳಿ ಸಾರ್, ನೀವೇ ಅಳೀರಿ. ಆದ್ರೆ ರೇಟೂ ನಿಮ್ಮ ಕೈ ಅಳತೇದೇ." ಅಂದಿನಿಂದ ನಾನು ಅಳತೆಯ ಮಾತೆತ್ತಿಲ್ಲ. ಅವರು ಕತ್ತರಿಸುವಾಗ ನಾಲ್ಕು ಬೆರಳು ಜಾಸ್ತಿ ಬಿಟ್ಟೇ ಕತ್ತರಿಸುತ್ತಾರೆ.

ಬಾಳೆಹಣ್ಣಿನ ಸಾಲಿನಲ್ಲಿ ನಂಜನಗೂಡು ರಸಬಾಳೆ ಅಂತ ಎಲ್ಲರೂ ಕೂಗುತ್ತಾರೆ. ಅಸಲಿ ರಸಬಾಳೆ ಈಗ ಬೆಳೆಯುವುದೇ ಕಡಿಮೆ. ಗಿಡಕ್ಕೆ ಬರುವ ಸೊರಗು ರೋಗ ಅದನ್ನು ತಿಂದುಹಾಕಿತು. ಕಮ್ಮಿ ರೇಟಿಗೆ ಚಿಪ್ಪುಗಟ್ಟಲೆ ಸಿಕ್ಕರೆ ಅದು ಬೇರೆ ಯಾವುದೋ ಹಣ್ಣು. ಹಬ್ಬದ ಹಿಂದಿನ ದಿನ ಮಾರುಕಟ್ಟೆಗೆ ಹೋಗಲೇಬೇಡಿ, ಎರಡು ದಿನ ಮುಂಚೆ ಹೋಗಿ. ಹಾಗೇ ತಲೆಯೆತ್ತಿ ಕಟ್ಟಡವನ್ನೂ ನೋಡಿ. 2016ರಲ್ಲಿ ಅದರ ಒಂದು ಭಾಗ ಕುಸಿದುಬಿತ್ತು. ಕೆಡವಿ ಕಟ್ಟಬೇಕೋ, ರಿಪೇರಿ ಮಾಡಬೇಕೋ ಅನ್ನುವ ಜಗಳ ಅಂದಿನಿಂದಲೂ ನಡೆದೇ ಇದೆ.

ದಿನದ ತರಕಾರಿಗೆ ಅಷ್ಟು ದೂರ ಬರಬೇಕಾಗಿಲ್ಲ. ಎಂ.ಜಿ. ರಸ್ತೆಯ ತರಕಾರಿ ಸಾಲು, ಅಗ್ರಹಾರದ ವಾಣಿವಿಲಾಸ ಮಾರುಕಟ್ಟೆ, ನಂಜುಮಳಿಗೆಯ ಅಂಗಡಿಗಳು ಇವೆ. ಸುತ್ತಲ ಹಳ್ಳಿಯವರು ತರುವ ಸೊಪ್ಪು ಬೆಳಿಗ್ಗೆ ಎಂಟರೊಳಗೆ ಮುಗಿಯುತ್ತದೆ. ಮನೆಯಲ್ಲಿ ಮದುವೆ, ನಾಮಕರಣ ಇದ್ದರೆ ಬಂಡಿಪಾಳ್ಯದ ಎಪಿಎಂಸಿ. ಚಳಿಗಾಲದಲ್ಲಿ ಈರನಗೆರೆ ಬದನೆ ಕಂಡರೆ ಬಿಡಬೇಡಿ. ಎಣ್ಣೆಗಾಯಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಇದು ನನ್ನ ಅಭಿಪ್ರಾಯ, ವಾದಕ್ಕೆ ಬರಬೇಡಿ.

ಕ್ಯಾಲೆಂಡರಿಗೆ ಗುರುತು ಹಾಕಿ

ವಾರದ ಲೆಕ್ಕ ಸುಲಭ. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ ಏಳಕ್ಕೆ ಅರಮನೆಯ ದೀಪ ಹತ್ತುತ್ತದೆ. ಒಂದು ಲಕ್ಷದ ಹತ್ತಿರ ಬಲ್ಬು. ಆ ಹೊತ್ತು ಅರಮನೆ ಸುತ್ತ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ವರ್ಷದ ಲೆಕ್ಕದಲ್ಲಿ ಬೇಸಿಗೆ ರಜೆ, ಡಿಸೆಂಬರ್ ಕೊನೆಯ ವಾರ, ಉದ್ದನೆಯ ವಾರಾಂತ್ಯಗಳು. ಇದಿಷ್ಟು ಎಲ್ಲ ಪ್ರವಾಸಿ ಊರಿನಲ್ಲೂ ಇರುವಂಥದ್ದೇ. ಮೈಸೂರಿನದೇ ಆದ ಎರಡು ಸಂಗತಿಗಳಿವೆ.

ಒಂದು, ಆಷಾಢ ಶುಕ್ರವಾರಗಳು. ಬೇರೆ ಕಡೆ ಆಷಾಢ ಅಂದರೆ ಏನೂ ನಡೆಯದ ತಿಂಗಳು. ಇಲ್ಲಿ ಶುಕ್ರವಾರ ನಸುಕಿಗೇ ಬೆಟ್ಟದ ಕಡೆ ಜನಸಾಗರ. ಕೆಲವು ವರ್ಷಗಳಿಂದ ಆ ದಿನಗಳಲ್ಲಿ ಖಾಸಗಿ ವಾಹನ ಮೇಲೆ ಬಿಡುವುದಿಲ್ಲ. ಲಲಿತಮಹಲ್ ಹತ್ತಿರದ ಹೆಲಿಪ್ಯಾಡ್ ಮೈದಾನದಲ್ಲಿ ಗಾಡಿ ನಿಲ್ಲಿಸಿ ಬಸ್ಸಿನಲ್ಲಿ ಹೋಗಬೇಕು. ಆ ಕಡೆ ಮನೆಯಿದ್ದರೆ ಮಕ್ಕಳ ಸ್ಕೂಲ್ ವ್ಯಾನಿನವರಿಗೆ ಹಿಂದಿನ ದಿನವೇ ಫೋನ್ ಮಾಡಿ. ಉಳಿದ ದಿನಗಳಲ್ಲಿ ಬೆಟ್ಟ ನಿಮ್ಮದೇ. ಬೆಳಿಗ್ಗೆ ಆರಕ್ಕೆ ಮುಂಚೆ ಮೆಟ್ಟಿಲ ಬುಡದಲ್ಲಿ ನಿಂತರೆ ಜೊತೆಗಿರುವವರೆಲ್ಲ ಊರಿನವರೇ. ಸಾವಿರ ಮೆಟ್ಟಿಲು. ಮುಕ್ಕಾಲು ಪಾಲು ಹತ್ತುವಷ್ಟರಲ್ಲಿ ದೊಡ್ಡದೇವರಾಜ ಒಡೆಯರ ಕಾಲದ ನಂದಿ. ನನ್ನಂಥವರು ಅಲ್ಲೇ ಕೂತು ಊರು ನೋಡಿ ಇಳಿಯುತ್ತಾರೆ, ದೇವಿ ಬೇಸರ ಮಾಡಿಕೊಂಡಿಲ್ಲ.

ಇನ್ನೊಂದು ದಸರಾ. ಹೊರಗಿನವರಿಗೆ ಅದು ಹತ್ತು ದಿನ. ನಮಗೆ ಎರಡು ತಿಂಗಳು. ಆಗಸ್ಟ್ ಆಸುಪಾಸಿನಲ್ಲಿ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಡುತ್ತದೆ. ಆನೆಗಳು ಬಂದು ಅರಮನೆಯ ಆವರಣ ಸೇರಿದ ಮೇಲೆ ದಿನಾ ಬೆಳಿಗ್ಗೆ, ಸಂಜೆ ತಾಲೀಮು. ಅರಮನೆಯಿಂದ ಸಯ್ಯಾಜಿರಾವ್ ರಸ್ತೆಯಲ್ಲಿ ಬನ್ನಿಮಂಟಪದವರೆಗೆ ಸುಮಾರು ಐದು ಕಿ.ಮೀ. ಮೊದಲು ಬರೀ ಮೈಯಲ್ಲಿ, ಆಮೇಲೆ ಮರಳು ಮೂಟೆ ಹೊತ್ತು, ಕೊನೆಗೆ ಮರದ ಅಂಬಾರಿ ಹೊತ್ತು ನಡೆಯುತ್ತವೆ. ಚಿನ್ನದ ಅಂಬಾರಿ 750 ಕೆ.ಜಿ. ಅಲ್ವಾ, ಅದಕ್ಕೆ ಅಭ್ಯಾಸ ಬೇಕು.

ಆ ದಿನಗಳಲ್ಲಿ ಆಫೀಸಿಗೆ ಹೊರಟವರಿಗೆ ಹೀಗಾಗುತ್ತದೆ. ಆಯುರ್ವೇದ ಆಸ್ಪತ್ರೆ ಸರ್ಕಲ್‌ನಲ್ಲಿ ಪೊಲೀಸರು ಕೈ ಅಡ್ಡ ಹಿಡಿಯುತ್ತಾರೆ. ಸ್ಕೂಟರುಗಳೆಲ್ಲ ಎಂಜಿನ್ ಆಫ್ ಮಾಡುತ್ತವೆ. ಗಂಟೆ ಸದ್ದು ಮೊದಲು ಕೇಳುತ್ತದೆ, ಆಮೇಲೆ ಅಷ್ಟು ದೊಡ್ಡ ಪ್ರಾಣಿ ಸದ್ದೇ ಇಲ್ಲದೆ ಪಕ್ಕದಲ್ಲಿ ಹಾದುಹೋಗುತ್ತದೆ. 2020ರಿಂದ ಅಂಬಾರಿ ಹೊತ್ತ ಅಭಿಮನ್ಯುವನ್ನು ನಾನು ಹೀಗೆ ಒಂದು ಕೈ ಚಾಚುವಷ್ಟು ದೂರದಿಂದ ನೋಡಿದ್ದೇನೆ, ಹೆಲ್ಮೆಟ್ ಹಾಕಿಕೊಂಡೇ. ಆನೆ ಹೋದ ಮೇಲೆ ಅಮ್ಮಂದಿರು ಮಕ್ಕಳ ಚಪ್ಪಲಿ ಬಿಚ್ಚಿ ಬಿಸಿ ಲದ್ದಿಯ ಮೇಲೆ ಕಾಲಿಡಿಸುತ್ತಾರೆ, ಕಾಲು ಗಟ್ಟಿಯಾಗುತ್ತದೆ ಅಂತ. ಆಫೀಸಿಗೆ ಕಾಲು ಗಂಟೆ ತಡವಾಗುತ್ತದೆ. ನನ್ನ ಲೆಕ್ಕದಲ್ಲಿ ಜಂಬೂ ಸವಾರಿಗಿಂತ ಈ ತಾಲೀಮೇ ಮೇಲು. ಪಾಸು ಬೇಡ, ನೂಕಾಟವಿಲ್ಲ.

ಇದರ ನಡುವೆ ಒಂದು ದಿನ ಢಮ್ ಅಂತ ಸದ್ದು ಕೇಳಿದರೆ ಗಾಬರಿಯಾಗಬೇಡಿ. ಅದು ಕುಶಾಲತೋಪಿನ, ಅಂದರೆ ಗೌರವಕ್ಕೆ ಹಾರಿಸುವ ಫಿರಂಗಿಯ ತಾಲೀಮು. ಆನೆ, ಕುದುರೆಗಳಿಗೆ ಸದ್ದು ಅಭ್ಯಾಸವಾಗಲಿ ಅಂತ. ನಿಮ್ಮ ನಾಯಿಗೆ ಯಾರೂ ಅಭ್ಯಾಸ ಮಾಡಿಸಿರುವುದಿಲ್ಲ, ಅದನ್ನು ಒಳಗೆ ಕಟ್ಟಿ.

ದಸರೆಯ ವಾರದಲ್ಲಿ ಅರಮನೆ ಸುತ್ತಲಿನ ರಸ್ತೆಗಳು ಏಕಮುಖ ಆಗುತ್ತವೆ. ಪೊಲೀಸರು ಹೊರಡಿಸುವ ನಕ್ಷೆಯನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಗ್ಯಾಸ್ ಬುಕ್ ಮಾಡುವುದು, ಬ್ಯಾಂಕ್ ಕೆಲಸ, ಅಪ್ಪ-ಅಮ್ಮನ ತಿಂಗಳ ಮಾತ್ರೆ ಎಲ್ಲ ನವರಾತ್ರಿ ಶುರುವಾಗುವ ಮುಂಚೆ ಮುಗಿಸಿಬಿಡಿ. ಒಂದು ಮುಖ್ಯ ವಿಷಯ. ದೊಡ್ಡಾಸ್ಪತ್ರೆ ಇರುವುದು ಸಯ್ಯಾಜಿರಾವ್ ರಸ್ತೆಯ ಪಕ್ಕದಲ್ಲೇ. ವಿಜಯದಶಮಿಯ ಮಧ್ಯಾಹ್ನ ಆ ರಸ್ತೆಗೆ ಗಾಡಿ ಹೋಗುವುದಿಲ್ಲ. ಮನೆಯಲ್ಲಿ ಹೃದಯದ ತೊಂದರೆ ಇರುವವರು, ತುಂಬು ಗರ್ಭಿಣಿಯರು ಇದ್ದರೆ, ಮೆರವಣಿಗೆಯ ದಾರಿ ದಾಟದೆ ತಲುಪುವ ಆಸ್ಪತ್ರೆ ಯಾವುದು ಅಂತ ಮೊದಲೇ ನೋಡಿಟ್ಟುಕೊಳ್ಳಿ. ಹೃದಯಕ್ಕೆ ಕೆ.ಆರ್.ಎಸ್. ರಸ್ತೆಯಲ್ಲಿ ಜಯದೇವ ಇದೆ. ಆಂಬುಲೆನ್ಸಿಗೆ 108.

ಕೊನೆಗೆ ನೆಂಟರು

ಮೈಸೂರಲ್ಲಿ ಮನೆ ಮಾಡಿದ ಮೇಲೆ ನಿಮಗೆ ಎಷ್ಟು ಜನ ನೆಂಟರಿದ್ದಾರೆ ಅಂತ ಗೊತ್ತಾಗುತ್ತದೆ. ಅತ್ತೆಯ ತಂಗಿಯ ಮಗಳ ಮೈದುನನೂ ಫೋನ್ ಮಾಡುತ್ತಾನೆ. "ನೀವು ಅಲ್ಲೇ ಇದ್ದೀರಲ್ಲ, ದಸರಾಕ್ಕೆ ಬಂದು ಎರಡು ದಿನ ಇದ್ದು ಹೋಗ್ತೀವಿ." ಬೇಡ ಅನ್ನಲಾಗುವುದಿಲ್ಲ. ಹಾಗಾಗಿ ಎರಡು ಹೆಚ್ಚುವರಿ ಚಾಪೆ, ಒಂದು ಬಕೆಟ್ಟು, ಒಂದು ದೊಡ್ಡ ಇಡ್ಲಿ ಪಾತ್ರೆ ಮೊದಲ ವರ್ಷವೇ ತೆಗೆದಿಡಿ.

ಅವರನ್ನು ಊರು ತೋರಿಸುವ ಕ್ರಮ ಇದು. ಮೊದಲ ದಿನ ನಸುಕಿಗೇ ಬೆಟ್ಟ. ಇಳಿದು ಬಂದು ತಿಂಡಿ. ಹತ್ತಕ್ಕೆ ಅರಮನೆ ಬಾಗಿಲು ತೆಗೆದ ಕೂಡಲೇ ಒಳಗೆ. ಹಳೇ ಮರದ ಅರಮನೆ 1897ರಲ್ಲಿ ಸುಟ್ಟುಹೋಗಿ, ಈಗಿನದು 1912ಕ್ಕೆ ಮುಗಿಯಿತು ಅಂತ ಒಂದು ಸಾಲು ಹೇಳಿ ಸಾಕು, ಉಳಿದದ್ದು ಗೈಡ್ ಹೇಳುತ್ತಾನೆ. ಮಧ್ಯಾಹ್ನ ಎಲ್ಲರನ್ನೂ ಮನೆಗೆ ಕರೆತಂದು ಮಲಗಿಸಿ. ಇದೇ ಗುಟ್ಟು. ಬಿಸಿಲಲ್ಲಿ ಮೃಗಾಲಯ ಸುತ್ತಿಸಿದರೆ ಮಕ್ಕಳಿಗಿಂತ ಮುಂಚೆ ದೊಡ್ಡವರು ಅಳುತ್ತಾರೆ. ಮೃಗಾಲಯ ಮರುದಿನ ಬೆಳಿಗ್ಗೆ, ಮಂಗಳವಾರ ಬಿಟ್ಟು.

ಅವರೇ ಹೊರಗೆ ಹೊರಟರೆ ಎರಡು ಎಚ್ಚರಿಕೆ ಹೇಳಿ ಕಳಿಸಿ. "ಇವತ್ತು ದೇವರಾಜ ಮಾರ್ಕೆಟ್ ರಜೆ, ಬೇರೆ ಒಳ್ಳೆ ಮಾರ್ಕೆಟ್ ತೋರಿಸ್ತೀನಿ" ಅನ್ನುವವರ ಜೊತೆ ಹೋಗಬಾರದು. ಅಲ್ಲಿ ಊದುಬತ್ತಿ, ಗಂಧದೆಣ್ಣೆ ಅಂತ ಏನೇನೋ ತೆಗೆಸುತ್ತಾರೆ, ಕರೆದುಕೊಂಡು ಹೋದವರಿಗೆ ಕಮಿಷನ್. ಎರಡನೆಯದು ಸೀರೆ. ಬೋರ್ಡಿನಲ್ಲಿ ಮೈಸೂರು ಸಿಲ್ಕ್ ಅಂತ ಇದ್ದದ್ದೆಲ್ಲ ಸರ್ಕಾರಿ ಕಾರ್ಖಾನೆಯದಲ್ಲ. ಆ ಕಾರ್ಖಾನೆಯ, ಅಂದರೆ ಕೆಎಸ್‌ಐಸಿಯ ಸೀರೆಗೆ ಅದರದೇ ಸಂಖ್ಯೆ, ಹಾಲೋಗ್ರಾಂ ಇರುತ್ತದೆ. ಅದನ್ನು ನೋಡಿ ತರಲಿ.

ಮೂರನೇ ದಿನ "ಹತ್ತಿರದಲ್ಲಿ ಇನ್ನೇನಿದೆ?" ಅನ್ನುತ್ತಾರೆ. ಶ್ರೀರಂಗಪಟ್ಟಣ, ನಂಜನಗೂಡು ಅರ್ಧ ದಿನದ ಕೆಲಸ, ಎರಡಕ್ಕೂ ರೈಲಿದೆ. ಕಾವೇರಿ ತೀರದ ಬಲಮುರಿ, ಎಡಮುರಿಗೆ ಹೋದರೆ ದಡದಲ್ಲೇ ನಿಲ್ಲಿ. ನೋಡಲು ಮೊಣಕಾಲುದ್ದದ ನೀರು, ಪ್ರತಿ ವರ್ಷ ಜನ ಮುಳುಗುತ್ತಾರೆ. ಊಟಿ, ವಯನಾಡಿಗೆ ಹೊರಡುವವರಿಗೆ ಬಂಡೀಪುರದ ಕಾಡುರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್ ಅಂತ ನೆನಪಿಸಿ. ಊಟಿಗೆ ಇ-ಪಾಸ್ ಕೂಡ ಮೊದಲೇ ಮಾಡಿಸಿಕೊಳ್ಳಬೇಕು.

ಇನ್ನು ಜಂಬೂ ಸವಾರಿ. ನೋಡಲೇಬೇಕು ಅನ್ನುವವರನ್ನು ಬೆಳಿಗ್ಗೆ ಒಂಬತ್ತಕ್ಕೇ ನೀರಿನ ಬಾಟಲಿ, ಚಿತ್ರಾನ್ನದ ಡಬ್ಬಿ, ಕೂರಲು ಹಳೇ ಪೇಪರು ಕೊಟ್ಟು ಬಂಬೂಬಜಾರಿನ ಕಡೆಗೆ ಕಳಿಸಿ. ಕೆ.ಆರ್. ಸರ್ಕಲ್‌ಗಿಂತ ಅಲ್ಲಿ ನೂಕಾಟ ಸ್ವಲ್ಪ ಕಡಿಮೆ. ನಾನು ಹೋಗುವುದಿಲ್ಲ. ಎದುರು ಮನೆಯ ಅಜ್ಜಿಯ ಟಿವಿ ಮುಂದೆ ಕೂರುತ್ತೇನೆ. ಅರಮನೆ ಮುಂದೆ ಅಂಬಾರಿಗೆ ಪುಷ್ಪಾರ್ಚನೆ ಆಗುವಾಗ ಟಿವಿಯಲ್ಲಿ ಕುಶಾಲತೋಪು ಹಾರುತ್ತದೆ. ಅದಕ್ಕೆ ಮುಂಚೆಯೇ ನಿಜವಾದ ಸದ್ದು ಕಿಟಕಿಯಿಂದ ಬಂದಿರುತ್ತದೆ. ಅಜ್ಜಿ ಪ್ರತಿ ವರ್ಷ "ನೋಡ್ದಾ, ಟಿವಿ ಲೇಟು" ಅನ್ನುತ್ತಾರೆ. ನೆಂಟರು ರಾತ್ರಿ ಒಂಬತ್ತಕ್ಕೆ ಕಾಲೆಳೆದುಕೊಂಡು ವಾಪಸ್ ಬರುವಷ್ಟರಲ್ಲಿ ಸಾರು ಬಿಸಿ ಮಾಡಿಡಬೇಕು.